ಮಂದ್ರ ಎಂಬ ಬಂಡೆಗರಡಿ

ಅಪಘಾತವಾದ ಮೇಲೆ ದಾಕ್ಷಾಯಣಿ ಮೊದಲ ಸಲ ನಡೆದದ್ದು ನಾಲ್ಕು ಕಾಲುಗಳ ಮೇಲೆ.

ಅದಕ್ಕೂ ಮೊದಲು ಅವಳು ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದಳು. ಖೋ ಖೋ ತಂಡವನ್ನು ಕರೆದುಕೊಂಡು ಊರೂರು ತಿರುಗಿದವಳು. ಅಣ್ಣಿಗೇರಿಯ ಹತ್ತಿರ ಜೀಪು ಉರುಳಿದಾಗ ಮಕ್ಕಳಿಗೆಲ್ಲ ತರಚುಗಾಯವಾಯಿತು, ಅವಳ ಕುತ್ತಿಗೆಯ ಮೂಳೆ ಮುರಿಯಿತು. ಹೆಗಲಿನ ಕೆಳಗೆ ಮೈ ಅವಳದಲ್ಲ ಎಂಬಂತಾಯಿತು. ಮೊಣಕೈ ತುಸು ಎತ್ತಬಲ್ಲಳು, ಬೆರಳು ಮಡಚಲಾರಳು. ಅಣ್ಣನ ಮನೆಯಲ್ಲಿ ಕೆಳಗೆ ಪ್ರಿಂಟಿಂಗ್ ಪ್ರೆಸ್ಸು, ಮೇಲೆ ಅವಳ ಕೋಣೆ. ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ತಲೆ ಬಾಚುವುದು ಎಲ್ಲ ಅಣ್ಣನ ಹೆಂಡತಿ ಶಕುಂತಲಾ ವೈನಿಯ ಪಾಲಿಗೆ ಬಂತು.

ಹುಬ್ಬಳ್ಳಿಯ ನರವಿಜ್ಞಾನ ಪ್ರಯೋಗಾಲಯದ ಡಾಕ್ಟರ್ ವೈಜಯಂತಿ ಒಂದು ದಿನ ಮನೆಗೇ ಬಂದರು. ಕೈಯಲ್ಲಿ ಬಟ್ಟೆಯ ಟೊಪ್ಪಿಗೆ, ಅದರ ಒಳಗೆಲ್ಲ ಸಾಸಿವೆ ಕಾಳಿನಂಥ ಲೋಹದ ಚುಕ್ಕಿಗಳು.

"ನಿಮ್ಮ ಮಿದುಳಿಗೆ ಕಾಲು ಹೋಗ್ಯಾವು ಅಂತ ಇನ್ನೂ ಗೊತ್ತಾಗಿಲ್ಲ," ಎಂದರು ಅವರು. "ಅದು ದಿನಾ ಹುಕುಂ ಕೊಡಾಕತ್ತೈತಿ. ಕೇಳಾವ್ರು ಇಲ್ಲ ಅಷ್ಟ. ಹಿಂಗ ಬಿಟ್ರ ಒಂದಿನ ಅದೂ ಬ್ಯಾಸತ್ತು ಸುಮ್ಮನಾಗ್ತೈತಿ. ಮುಂದ ನಡಿಯೋ ಯಂತ್ರ ತಯಾರಾದಾಗ ಹುಕುಂ ಕೊಡೋ ಮಿದುಳ ಇರೂದಿಲ್ಲ. ಅದಕ್ಕ ಈಗ ಈ ಟೊಪ್ಪಿಗಿ ಮೂಲಕ ಅದಕ್ಕ ಒಂದು ಮೈ ಕೊಡೋಣು."

ಆ ಮೈಯನ್ನು ಕೊಟ್ಟದ್ದು ಒಂದು ವಿಡಿಯೊ ಗೇಮ್ ಕಂಪನಿ.

ಅವರ ಆಟದ ಹೆಸರು 'ಏಳು ಕಣಿವೆ'. ಕಣ್ಣಿಗೆ ಕನ್ನಡಕ, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಜನ ಆ ಕಣಿವೆಗಳಲ್ಲಿ ಅಲೆಯುತ್ತಿದ್ದರು. ದಾರಿಯಲ್ಲಿ ಸಿಗುವ ದೈತ್ಯಮೃಗಗಳನ್ನು ಸೋಲಿಸಿ, ಕುಣಿಕೆ ಹಾಕಿ, ತಮ್ಮ ತಂಡಕ್ಕೆ ಸೇರಿಸಿಕೊಂಡು ಮುಂದಿನ ಕಣಿವೆಯ ಕಾಳಗಕ್ಕೆ ಹೋಗುತ್ತಿದ್ದರು. ಮೊದಮೊದಲು ಎಲ್ಲ ಮೃಗಗಳನ್ನೂ ಕಂಪ್ಯೂಟರೇ ನಡೆಸುತ್ತಿತ್ತು. ಕೆಲವು ದಿನ ಆಡಿದರೆ ಮೃಗದ ಚಾಳಿ ಬಾಯಿಪಾಠವಾಗಿಬಿಡುತ್ತಿತ್ತು. ಅದರ ಮೇಲಿನ ಹೆದರಿಕೆಯೂ ಹೋಗುತ್ತಿತ್ತು, ಪ್ರೀತಿಯೂ ಹೋಗುತ್ತಿತ್ತು. ಆಗ ಕಂಪನಿಯವರು ಗುಟ್ಟಾಗಿ ಕೆಲವು ಮೃಗಗಳೊಳಗೆ ಮನುಷ್ಯರನ್ನು ಕೂರಿಸಿ ನೋಡಿದರು. ಯಾಕೆಂದು ತಿಳಿಯದೆಯೇ ಆಟಗಾರರು ಆ ಮೃಗಗಳನ್ನು ಬಿಟ್ಟಿರಲಾರದೆ ಹೋದರು.

ಮುಖ್ಯ ಷರತ್ತು ಎರಡು. ಮೃಗ ಮಾತಾಡಬಾರದು, ಅದರ ಗಂಟಲಿಗೆ ಮೂರು ಬಗೆಯ ಗುಟುರು ಮಾತ್ರ. ಒಳಗೆ ಮನುಷ್ಯರಿದ್ದಾರೆಂದು ಆಟಗಾರರಿಗೆ ಎಂದೂ ಗೊತ್ತಾಗಬಾರದು. ಮನೆಯವರಿಗೂ ಹೇಳುವಂತಿಲ್ಲ, ಅವರ ಪಾಲಿಗೆ ಟೊಪ್ಪಿಗೆ ಬರೀ ಚಿಕಿತ್ಸೆ.

ದಾಕ್ಷಾಯಣಿಗೆ ಸಿಕ್ಕಿದ ಮೈ ಬಂಡೆಗರಡಿಯದು, ಕಲ್ಲುಮೈಯ ಕರಡಿಯದು. ಬೆನ್ನ ಮೇಲೆ ಹಾಸುಗಲ್ಲಿನಂಥ ಚಿಪ್ಪು, ಒನಕೆಯಂಥ ಕಾಲು. ಮೊದಲ ದಿನ ಮುಂಗಾಲು ಎತ್ತಲು ಹೋಗಿ ಮುಗ್ಗರಿಸಿದಳು. ಮರುದಿನವೂ ಬಿದ್ದಳು. ವಾರ ಕಳೆಯುವುದರೊಳಗೆ ಹುಲ್ಲುಗಾವಲಿನ ಈ ತುದಿಯಿಂದ ಆ ತುದಿಗೆ ಓಡಿದಳು. ಟೊಪ್ಪಿಗೆ ತೆಗೆದಾಗ ದಿಂಬು ಒದ್ದೆಯಾಗಿತ್ತು.

"ವೈನಿ, ಇವತ್ತ ನಾ ಓಡಿದೆ," ಎಂದಳು.

ಶಕುಂತಲಾ ಅವಳ ಮುಖವನ್ನೊಮ್ಮೆ ನೋಡಿ, ಗುಳಿಗೆಯ ಅಮಲಿರಬೇಕೆಂದುಕೊಂಡಳು. "ಹೂಂ, ಓಡೀಯವ್ವ. ಬಾಯಿ ತಗಿ, ಗಂಜಿ ಆರಾಕತ್ತೈತಿ."

ಮೊದಲು ಅವಳನ್ನು ಹಿಡಿದವನು ಯಾರೋ ಅವಸರದ ಆಟಗಾರ. ಪ್ರತಿ ಕಾಳಗದಲ್ಲೂ ಅವಳನ್ನು ತನ್ನ ಮುಂದೆ ಗುರಾಣಿಯಂತೆ ನಿಲ್ಲಿಸಿದ. ಇನ್ನೂ ಬಲವಾದ ಮೃಗ ಸಿಕ್ಕ ದಿನ ಕೊಟ್ಟಿಗೆಗೆ ಅಟ್ಟಿದ. ಆಮೇಲೆ ಕಾಡಿಗೆ ಬಿಟ್ಟ. ಒಂದು ಮಾತೂ ಆಡಲಿಲ್ಲ. ಮೃಗದ ಜೊತೆ ಯಾರು ಮಾತಾಡುತ್ತಾರೆ?

ಕೊಟ್ಟಿಗೆಯೆಂದರೆ ಬೇಡವಾದ ಮೃಗಗಳನ್ನು ಇಡುವ ಬೇಲಿ ಹಾಕಿದ ಬಯಲು. ಅಲ್ಲಿದ್ದವೆಲ್ಲ ಕಂಪ್ಯೂಟರಿನ ಮೃಗಗಳು. ಎಲ್ಲವೂ ಒಟ್ಟಿಗೆ ಕಣ್ಣು ಪಿಳುಕಿಸುತ್ತಿದ್ದವು, ಒಟ್ಟಿಗೆ ಬಾಲ ಆಡಿಸುತ್ತಿದ್ದವು. ದಾಕ್ಷಾಯಣಿ ಅವುಗಳ ನಡುವೆ ಅಡ್ಡಾಡುತ್ತ ಒಂದೊಂದರ ಮುಖಕ್ಕೂ ಮುಖ ಕೊಟ್ಟು ನೋಡಿದಳು. ಅದಕ್ಕಿಂತ ತನ್ನ ಕೋಣೆಯ ಗೋಡೆಯೇ ವಾಸಿ ಅನ್ನಿಸಿತು. ಗೋಡೆಯ ಮೇಲೆ ಹಲ್ಲಿಯಾದರೂ ಹರಿದಾಡುತ್ತಿತ್ತು.

ಕಾಡಿಗೆ ಬಿಟ್ಟ ಮೇಲೆ ಅವಳನ್ನು ಕಂಡವನು ಕೃಪಾಕರ.

ಅವನಿಗೆ ಆಡಲು ಬರುತ್ತಿರಲಿಲ್ಲ. ಬಂಡೆಯ ಹಿಂದೆ ಅವಿತು ಕುಣಿಕೆ ಎಸೆದ. ಅದು ಮರಕ್ಕೆ ಸಿಕ್ಕಿಕೊಂಡಿತು. ಎಳೆಯಲು ಹೋಗಿ ತಾನೇ ಜಾರಿ ಹಳ್ಳಕ್ಕೆ ಬಿದ್ದ. ಬಿದ್ದಲ್ಲೇ ಕೂತು ನಕ್ಕ. ಆಮೇಲೆ ಬಂಡೆಗೆ ಬೆನ್ನು ಕೊಟ್ಟು, ಕಾಳಗದ ಗೊಡವೆಯನ್ನೇ ಬಿಟ್ಟು, ಮೆಲ್ಲಗೆ ಸ್ವರ ಗುನುಗತೊಡಗಿದ. ದಾಕ್ಷಾಯಣಿ ಪೊದೆಯಿಂದ ಹೊರಬಂದಳು. ಹತ್ತಿರ ಹೋಗಿ ತಲೆ ತಗ್ಗಿಸಿದಳು. ಆಟದಲ್ಲಿ ಹಾಗೆ ತಲೆ ತಗ್ಗಿಸಿದರೆ ಮೃಗ ಒಲಿಯಿತೆಂದು ಅರ್ಥ.

"ಅಯ್ಯೋ, ನೀನಾಗೇ ಬಂದ್ಯಾ?" ಎಂದ ಕೃಪಾಕರ. "ನನಗಿಂತ ಚೆನ್ನಾಗಿ ಆಡೋರು ಯಾರೂ ಸಿಗ್ಲಿಲ್ವೇನೋ ನಿನಗೆ?"

ಅವಳು ಗುಟುರು ಹಾಕಿದಳು.

"ಆಹಾ! ಮಂದ್ರ ಷಡ್ಜ. ಸ್ವಲ್ಪಾನೂ ಅಪಸ್ವರ ಇಲ್ಲ ಕಣೋ. ನಿನ್ನ ಹೆಸರು ಮಂದ್ರ. ಆಯ್ತಾ ಮಗನೇ?"

ತಾನು ಗಂಡಾದದ್ದಕ್ಕೆ ದಾಕ್ಷಾಯಣಿಗೆ ನಗು ತಡೆಯಲಾಗಲಿಲ್ಲ. ಗದಗಿನ ಕೋಣೆಯಲ್ಲಿ ಅವಳ ನಗು ಕೇಳಿ ಶಕುಂತಲಾ ಬಾಗಿಲಿಗೆ ಬಂದು ಇಣುಕಿ ಹೋದಳು.

ಅಂದಿನಿಂದ ಮಂದ್ರ ಕೃಪಾಕರನ ತಂಡದಲ್ಲಿತ್ತು. ತಂಡವೆಂದರೆ ಅವನು ಮತ್ತು ಅವಳು, ಇಬ್ಬರೇ. ಅವನು ಹಾರ್ಮೋನಿಯಂ ರಿಪೇರಿ ಮಾಡುವವನು. ಮೈಸೂರಿನ ಅಗ್ರಹಾರದ ಹಿಂದಿನ ಬೀದಿಯಲ್ಲಿ, ಫ್ಲೋರ್ ಮಿಲ್ಲಿನ ಮೇಲಿನ ಮನೆಯಲ್ಲಿ ಒಬ್ಬನೇ ಇದ್ದ. ಮಿಲ್ಲು ಓಡುವಾಗ ಸ್ವರ ಕೇಳಿಸುವುದಿಲ್ಲ, ಆದ್ದರಿಂದ ಆ ಹೊತ್ತಿನಲ್ಲಿ ಕೆಲಸ ನಿಲ್ಲಿಸಿ ಆಟಕ್ಕೆ ಬರುತ್ತಿದ್ದ. ಇದೆಲ್ಲ ಅವನೇ ಹೇಳಿದ್ದು. ಕಣಿವೆಯ ದಾರಿಯಲ್ಲಿ ನಡೆಯುತ್ತ, ಒಮ್ಮೊಮ್ಮೆ ಕಾಳಗದ ನಡುವೆಯೂ ಹೇಳುತ್ತಿದ್ದ. ಯಾವ ಪೆಟ್ಟಿಗೆಯ ಗಾಳಿತಿದಿ ಹರಿದಿದೆ, ಯಾವುದರ ರೀಡು ಎಂಬ ಹಿತ್ತಾಳೆಯ ನಾಲಿಗೆ ಸ್ವರ ತಪ್ಪಿದೆ, ಯಾವ ಭಜನಾ ಮಂಡಳಿಯವರು ಇಲಿ ಕಡಿದ ಪೆಟ್ಟಿಗೆ ತಂದು ತನ್ನನ್ನೇ ಬೈದರು, ಎಲ್ಲ.

ಒಂದು ದಿನ ಹೆಂಡತಿಯ ವಿಷಯ ಹೇಳಿದ. "ನಾವು ಜಗಳಾನೇ ಆಡ್ಲಿಲ್ಲ ಕಣೋ ಮಂದ್ರ. ತುಮಕೂರಿಗೆ ಅವಳ ಅಕ್ಕನ ಮನೆಗೆ ಹೋಗ್ಬರ್ತೀನಿ ಅಂದ್ಲು. ಹೋಗೋವಾಗ ಹಾಲಿನವನಿಗೆ, ನಾಳೆಯಿಂದ ಅರ್ಧ ಲೀಟರ್ ಸಾಕು ಅಂದ್ಲು. ಎಷ್ಟು ದಿನ ಅಂತ ಹೇಳ್ಲಿಲ್ಲ. ಅವನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಇವತ್ತಿಗೂ ಅರ್ಧ ಲೀಟರೇ ಬರ್ತಿದೆ."

ಅವಳು ಮುಂಗಾಲೆತ್ತಿ ಅವನ ಹೆಗಲ ಮೇಲಿಟ್ಟಳು.

ಮರುದಿನ ಹುಬ್ಬಳ್ಳಿಯ ಪ್ರಯೋಗಾಲಯದ ನಿಯಂತ್ರಣ ಕೊಠಡಿಯಿಂದ, ಮೃಗಗಳ ಮೇಲೆ ನಿಗಾ ಇಡುತ್ತಿದ್ದ ಇಮ್ತಿಯಾಜ್ ಅವಳ ಕಿವಿಯಲ್ಲಿ ಮಾತಾಡಿದ. ಅವನ ಮುಂದಿನ ಪರದೆಯಲ್ಲಿ ಲೆಕ್ಕವಿಲ್ಲದಷ್ಟು ಬೂದು ಚುಕ್ಕಿಗಳು, ಅವು ಕಂಪ್ಯೂಟರಿನ ಮೃಗಗಳು. ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕಿ. ಹಸಿರೆಂದರೆ ಮನುಷ್ಯರು. ಎಲ್ಲರೂ ಅವಳಂತೆಯೇ ಎಲ್ಲೋ ಒಂದು ಹಾಸಿಗೆಯಲ್ಲಿ ಮಲಗಿದವರು. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ, ಅದೂ ಷರತ್ತೇ.

"ಅಕ್ಕಾರ, ನಿನ್ನೆ ಅವರ ಹೆಗಲ ಮ್ಯಾಲ ಕಾಲ ಇಟ್ರಲ್ರಿ. ಕರಡಿ ಹಂಗ ಮಾಡೂದಿಲ್ರಿ."

"ಮಾಡಿದ್ರ ಏನಾತು?"

"ಅವರಿಗೆ ಸಂಶೆ ಬಂದ್ರ ನಿಮ್ಮನ್ನ ತಗದ ಬಿಡ್ತಾರ. ಕಂಪನ್ಯಾವ್ರು ಭಾಳ ಕಡಕ್ ಅದಾರ್ರಿ." ಆಮೇಲೆ ದನಿ ತಗ್ಗಿಸಿ ಹೇಳಿದ, "ನಾನಾಗಿದ್ರೂ ಇಡ್ತಿದ್ದೆ. ಆದ್ರ ಇಡಬ್ಯಾಡ್ರಿ."

ಅವಳು ಮತ್ತೆ ಇಡಲಿಲ್ಲ. ಕೃಪಾಕರ ಏನು ಹೇಳಿದರೂ ಕರಡಿಯಂತೆ ತಲೆ ತೂಗುತ್ತ ಪಕ್ಕದಲ್ಲಿ ನಡೆದಳು. ಸಂಜೆ ವೈನಿ ರೊಟ್ಟಿ ಮುರಿದು ಬಾಯಿಗಿಡುವಾಗ, ತುಮಕೂರಿನ ಆ ಹೆಂಗಸಿಗೆ ಒಂದು ಫೋನ್ ಮಾಡಲು ಅವನಿಗೆ ಹೇಳಬೇಕಿತ್ತು ಅನ್ನಿಸುತ್ತಿತ್ತು. ಹೇಗೆ ಹೇಳುವುದು? ಅವನ ಮನೆಯ ಹಾಲಿನ ಲೆಕ್ಕ ಅವಳಿಗೆ ಗೊತ್ತು. ಅವಳು ಈ ಭೂಮಿಯ ಮೇಲೆ ಇದ್ದಾಳೆಂಬುದೇ ಅವನಿಗೆ ಗೊತ್ತಿಲ್ಲ. ಮೊದಮೊದಲು ನೋಡಲು ಬರುತ್ತಿದ್ದ ಸಹೋದ್ಯೋಗಿಗಳು ಈಗ ಬರುತ್ತಿರಲಿಲ್ಲ. ಖೋ ಖೋ ಆಡಿದ ಹುಡುಗಿಯರಿಗೆ ಮದುವೆಯಾಗಿತ್ತು. ಇಡೀ ದಿನದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಲ್ಲಿ ಹೆಚ್ಚು ಸಲ ಕರೆಯುವವನು ಕೃಪಾಕರನೇ. ಅವನು ಕರೆಯುತ್ತಿದ್ದ ಹೆಸರು ಅವಳದಾಗಿರಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು.

ಏಳನೆಯ ಕಣಿವೆ ಬೆಂಕಿಯ ಕಣಿವೆ. ಒಬ್ಬರೇ ದಾಟುವಂತಿಲ್ಲ. ಕೃಪಾಕರ ಯಾವುದೋ ಗುಂಪಿಗೆ ಸೇರಿಕೊಂಡ. ಗುಂಪಿನವರು ನಕ್ಕರು: "ಸಾರ್, ಈ ಕಲ್ಲುಕರಡಿ ತಗೊಂಡು ಬೆಂಕಿಗೆ ಬರ್ತೀರಾ? ಎರಡು ನಿಮಿಷ ನಿಲ್ಲಲ್ಲ ಅದು." ಅವರೇ ಒಂದು ಕೆಂಡದ ಹಕ್ಕಿಯನ್ನು ಹಿಡಿದುಕೊಟ್ಟರು.

ಕೃಪಾಕರ ಮಂದ್ರವನ್ನು ಕೊಟ್ಟಿಗೆಯ ಬಾಗಿಲವರೆಗೆ ನಡೆಸಿಕೊಂಡು ಬಂದ. "ಸ್ವಲ್ಪ ದಿನ ಕಣೋ. ಅಲ್ಲಿಗೆ ಬಂದ್ರೆ ಸುಟ್ಟುಹೋಗ್ತೀಯ. ಬೇಜಾರು ಮಾಡ್ಕೋಬೇಡ."

ಅವಳು ಬೇಲಿಯೊಳಗೆ ಹೋಗಿ ನಿಂತಳು. ಕಂಪ್ಯೂಟರಿನ ಮೃಗಗಳು ಒಟ್ಟಿಗೆ ಕಣ್ಣು ಪಿಳುಕಿಸಿದವು. ತನಗೆ ಇಷ್ಟು ನೋವಾಗುತ್ತದೆಂದು ಅವಳು ಎಣಿಸಿರಲಿಲ್ಲ. ಊಟ ಬೇಡವೆಂದಳು. ವೈನಿ ಹಣೆ ಮುಟ್ಟಿ ನೋಡಿದಳು, ಜ್ವರ ಇರಲಿಲ್ಲ.

ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ, ಕೃಪಾಕರ ಕೊಟ್ಟಿಗೆಗೆ ಬಂದ. ಒಬ್ಬನೇ. ಬೇಲಿ ದಾಟಿ ಬಂದು ಅವಳ ಪಕ್ಕ ನೆಲದ ಮೇಲೆ ಕೂತ.

"ಅವರೆಲ್ಲ ಹೋದ್ರು. ನಾನು ಹೋಗ್ಲಿಲ್ಲ ಕಣೋ. ಆ ಹಕ್ಕಿ ಜೊತೆ ಏನು ಮಾತಾಡಿದ್ರೂ ರೆಕ್ಕೆ ಬಡಿಯುತ್ತೆ, ಅಷ್ಟೇ. ನೀನು ಕೇಳಿಸ್ಕೋತೀಯ. ಕೇಳಿಸ್ಕೊಂಡ ಹಾಗೆ ನಟನೆನಾದ್ರೂ ಮಾಡ್ತೀಯ." ನಕ್ಕ. "ನಿನ್ನೆ ಒಂದು ಪೆಟ್ಟಿಗೆ ಬಂತು. ಹಳೇದು. ಒಳಗೆ ಜರ್ಮನ್ ರೀಡು. ಎಂಥಾ ನಾದ ಅಂತೀಯ... ರೀಡು... ಲೀ... ಲೀಲು..."

ಮಾತು ನಿಂತಿತು. ಮತ್ತೆ ಶುರುವಾದಾಗ ಅದು ಮಾತಾಗಿರಲಿಲ್ಲ, ನೆಂದ ಹಿಟ್ಟಿನಂತಿತ್ತು. ಆಟದೊಳಗಿನ ಅವನ ಬಲಗೈ ಸೋತು ಮಡಿಲಿಗೆ ಬಿತ್ತು. ಮಣಿಕಟ್ಟಿನ ಪಟ್ಟಿ ಅವನ ನಿಜವಾದ ಕೈ ಹೇಗಿದೆಯೋ ಹಾಗೆಯೇ ತೋರಿಸುತ್ತದೆ. ಅವನು ಎಡಗೈಯಿಂದ ಬಲಗೈಯನ್ನು ಎತ್ತಲು ಹೋದ, ಅದು ಮತ್ತೆ ಬಿತ್ತು. ಅವನಿಗೆ ಅದು ತಮಾಷೆಯಾಗಿ ಕಂಡಿತೋ ಏನೋ, ನಗುವಂಥ ಒಂದು ಸದ್ದು ಬಂತು.

ದಾಕ್ಷಾಯಣಿಗೆ ಥಟ್ಟನೆ ಗೊತ್ತಾಯಿತು. ಅವಳ ಅಪ್ಪ ಹೀಗೆಯೇ ಹೋಗಿದ್ದರು, ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಮಾತು ತೊದಲಿದಾಗ ಎಲ್ಲರೂ ನಿದ್ದೆಗಣ್ಣು ಅಂದುಕೊಂಡಿದ್ದರು.

"ಇಮ್ತಿಯಾಜ್! ಕೇಳಾಕತ್ತೀಯಿಲ್ಲ? ಅವರಿಗೆ ಲಕ್ವಾ ಹೊಡಿಯಾಕತ್ತೈತಿ. ಆಂಬುಲೆನ್ಸ್ ಕಳಸು, ಜಲ್ದಿ!"

ನಿಯಂತ್ರಣ ಕೊಠಡಿಯಲ್ಲಿ ಇಮ್ತಿಯಾಜ್ ಕುರ್ಚಿಯಿಂದ ಎದ್ದು ನಿಂತಿದ್ದ. "ಅಕ್ಕಾರ, ಅವರ ವಿಳಾಸ ನನ್ನ ಕಡೆ ಇಲ್ರಿ. ಹೆಡ್ಡಾಫೀಸಿನಾಗ ಬೀಗ ಹಾಕಿ ಇಟ್ಟಾರ. ಕೇಳ್ತೀನಿ, ಆದ್ರ ಅವರು ಕೊಡೂದು..."

"ಯಾವಾಗ ಕೊಡ್ತಾರ?"

ಇಮ್ತಿಯಾಜ್ ಆಗಲೇ ಇನ್ನೊಂದು ಫೋನಿನಲ್ಲಿ ಯಾರನ್ನೋ ಕೂಗಿ ಕರೆಯುತ್ತಿದ್ದ.

"ವೈನೀ!" ಅವಳು ಕಿರುಚಿದ ರಭಸಕ್ಕೆ ಕೆಳಗೆ ಪ್ರೆಸ್ಸಿನವರೂ ತಲೆಯೆತ್ತಿದರು. "ವೈನೀ, ಫೋನ್ ತಗೊಂಡ ಬರ್ರಿ!"

ಶಕುಂತಲಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮೈಸೂರು, ಅಗ್ರಹಾರ, ಫ್ಲೋರ್ ಮಿಲ್ಲು ಎಂದು ಹುಡುಕಲು ದಾಕ್ಷಾಯಣಿ ಹೇಳಿದಳು. ಯಾಕೆ, ಯಾರಿಗೆ ಎಂದು ಶಕುಂತಲಾ ಕೇಳಲಿಲ್ಲ. ನಾದಿನಿಯ ಮುಖ ನೋಡಿದರೆ ಕೇಳುವಂತಿರಲಿಲ್ಲ. ಮೊದಲು ಸಿಕ್ಕ ನಂಬರು ಯಾರದೋ ಮಸಾಲೆ ಅಂಗಡಿಯದು. ಎರಡನೆಯದಕ್ಕೆ ಫೋನ್ ಎತ್ತಿದವರ ಹಿಂದೆ ಗಡಗಡ ಸದ್ದು.

"ಗಿರಣಿ ಏನ್ರಿ?"

"ಹಾಂ? ಜೋರಾಗಿ ಹೇಳಿ. ಇದು ಫ್ಲೋರ್ ಮಿಲ್ಲು."

"ಅದ ರೀ, ಗಿರಣಿ! ನಿಮ್ಮ ಮ್ಯಾಲಿನ ಮನ್ಯಾಗ ಹಾರ್ಮೋನಿಯಂ ರಿಪೇರಿ ಮಾಡೋರು ಅದಾರೇನ್ರಿ?"

"ಕೃಪಾಕರ್ ಸಾರಾ? ಇದಾರೆ. ನೀವ್ಯಾರಮ್ಮ?"

ಶಕುಂತಲಾ ನಾದಿನಿಯ ಕಡೆ ನೋಡಿದಳು. ಮತ್ತೆ ಫೋನಿಗೆ ಬಾಯಿಟ್ಟಳು.

"ಅವರ ಮನಿ ಮಂದಿ ರೀ. ಅವರಿಗೆ ಲಕ್ವಾ ಹೊಡದೈತಿ, ಜಲ್ದಿ ಮ್ಯಾಲ ಹೋಗ್ರಿ."

"ಅವರಿಗೆ ಮನೆಯವರು ಅಂತ ಯಾರೂ ಇಲ್ವಲ್ಲಮ್ಮ?"

"ಈಗ ಅದೀವಿ! ಹೋಗ್ರಿ ಅಂದ್ರ ಹೋಗ್ರಿ ಮ್ಯಾಲ!"

ದಾಕ್ಷಾಯಣಿ ಅವನ ಪಕ್ಕ ನಿಂತೇ ಇದ್ದಳು. ಅವನು ಒಂದು ಬದಿಗೆ ವಾಲಿ ಅವಳ ಕಲ್ಲಿನ ಹೆಗಲಿಗೆ ಒರಗಿದ್ದ. ಅವನ ಮೈಕಿನಲ್ಲಿ ಮಿಲ್ಲಿನ ಸದ್ದು ಕೇಳುತ್ತಿತ್ತು. ಅದು ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆ, ಬಾಗಿಲು ಬಡಿಯುವ ಸದ್ದು, "ಸಾರ್, ಸಾರ್" ಎಂಬ ಕೂಗು, ಮರ ಸೀಳಿದ ಸದ್ದು. ಆಮೇಲೆ ಯಾರೋ ಅವನ ಕನ್ನಡಕ ತೆಗೆದರು. ಕೃಪಾಕರ ಆಟದಿಂದ ಮಾಯವಾದ. ಬೇಲಿಯೊಳಗೆ ಅವಳೊಬ್ಬಳೇ ಉಳಿದಳು.

ಟೊಪ್ಪಿಗೆ ತೆಗೆದ ಮೇಲೆ ಶಕುಂತಲಾ ಮಂಚದ ಅಂಚಿಗೆ ಕೂತಳು. "ಯಾರವ್ವ ಅವರು?"

ದಾಕ್ಷಾಯಣಿ ಎಲ್ಲವನ್ನೂ ಹೇಳಿದಳು. "ಎರಡು ವರ್ಷ ಕರಡಿ ಆಗಿ ತಿರಗ್ಯಾಡೀ," ಎಂದಳು ಶಕುಂತಲಾ. "ನಾ ಇಲ್ಲೇ ಬಾಗಲದಾಗ ಇದ್ದೆ. ನನಗೊಂದು ಮಾತ ಹೇಳಬಾರದಿತ್ತ?" ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಉಜ್ಜಿಕೊಳ್ಳುತ್ತ ಒಳಗೆ ಹೋದಳು.

ಕೃಪಾಕರ ಬದುಕಿದ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದ್ದರಿಂದ ಉಳಿದ ಎಂದರು. ಆದರೆ ಆ ಮನೆಯಲ್ಲಿ ಒಬ್ಬನೇ ಇದ್ದವನಿಗೆ ಹೀಗಾಯಿತೆಂದು ಗದಗಿನ ಹೆಂಗಸಿಗೆ ಗೊತ್ತಾದದ್ದು ಹೇಗೆ? ಅಂದು ಫೋನ್ ಎತ್ತಿದ್ದ ಮಿಲ್ಲಿನ ಸಿದ್ದರಾಜು ಅದನ್ನು ಕಂಡಕಂಡವರನ್ನೆಲ್ಲ ಕೇಳಿದ. ಪತ್ರಿಕೆಯವರು ಆ ಫೋನ್ ನಂಬರಿನ ಜಾಡು ಹಿಡಿದು ಗದಗಿಗೆ ಬಂದರು. ಗುಟ್ಟು ಹೊರಬಿತ್ತು.

ಆಟಗಾರರು ಹುಚ್ಚೆದ್ದರು. ತಮ್ಮ ಮೃಗದ ಮುಂದೆ ಅತ್ತವರು, ಅದನ್ನು ಒದ್ದವರು, ಅದರ ಎದುರು ಯಾರಿಗೂ ಹೇಳದ್ದನ್ನು ಹೇಳಿಕೊಂಡವರು ಎಲ್ಲರಿಗೂ ಒಂದೇ ಪ್ರಶ್ನೆ: ನನ್ನದರೊಳಗೆ ಯಾರಿದ್ದರು? ಕಂಪನಿ ಕ್ಷಮೆ ಕೇಳಿತು. ಹಸಿರು ಚುಕ್ಕಿಗಳನ್ನೆಲ್ಲ ಒಂದೇ ದಿನ ಆರಿಸಿಬಿಟ್ಟಿತು. ಪ್ರಯೋಗಾಲಯಕ್ಕೆ ಕೊಡುತ್ತಿದ್ದ ನೆರವೂ ನಿಂತಿತು. ಬೇರೆ ಯಾರಾದರೂ ಸಿಗುವತನಕ ಕಾಯಬೇಕು ಎಂದರು ವೈಜಯಂತಿ.

ಟೊಪ್ಪಿಗೆ ವಾಪಸು ಒಯ್ಯಲು ಇಮ್ತಿಯಾಜನೇ ಬಂದ. ದನಿ ಮಾತ್ರ ಕೇಳಿದ್ದವಳಿಗೆ ಅವನು ಇಷ್ಟು ಕುಳ್ಳಗಿದ್ದಾನೆಂದು ಗೊತ್ತಿರಲಿಲ್ಲ. ಚಹಾ ಕುಡಿದು ಹೊರಡುವಾಗ, ಹೇಳಲೋ ಬೇಡವೋ ಎಂಬಂತೆ ಫೋನ್ ತೆಗೆದ. "ರಾಯಚೂರಿನ ಒಬ್ಬ ಹುಡುಗ ಅದಾನ್ರಿ, ಹದ್ದಿನೊಳಗ ಇದ್ದ. ನಿಮಗ ಮುಟ್ಟಸು ಅಂತ ಮಾತಾಡಿ ಕಳಿಸ್ಯಾನ."

ಫೋನಿನಲ್ಲಿ ತೆಳುವಾದ ದನಿ. "ಅಕ್ಕಾರ, ನೀವು ತಪ್ಪ ಮಾಡೀರಿ ಅನ್ನಾಂಗಿಲ್ರಿ. ಜೀವ ದೊಡ್ಡದು. ಆದ್ರ ನಾ ಹಾರತಿದ್ದೆ ರೀ. ಈಗ ಮತ್ತ ಮಾಳಗಿ ನೋಡ್ಕೊಂತ ಬಿದ್ದೀನಿ. ಇದನ್ನ ನಿಮಗ ಹೇಳಬೇಕನ್ನಿಸ್ತು. ನಿಮಗ ಬಿಟ್ರ ಯಾರಿಗೂ ತಿಳಿಯೂದಿಲ್ಲ."

ದಾಕ್ಷಾಯಣಿ ಇನ್ನೊಮ್ಮೆ ಹಾಕಲು ಹೇಳಿದಳು. ಇಮ್ತಿಯಾಜ್ ಹಾಕಿದ.

ಆಮೇಲಿನ ತಿಂಗಳುಗಳು ಉದ್ದವಾದವು. ಬೆಳಗ್ಗೆ ಎಚ್ಚರವಾಗುತ್ತಲೇ ಮಿದುಳು ನಾಲ್ಕು ಕಾಲಿಗೂ ಹುಕುಂ ಕೊಡುತ್ತಿತ್ತು. ಕೆಳಗೆ ಪ್ರೆಸ್ಸು ಶುರುವಾಗುತ್ತಿತ್ತು, ಲಗ್ನಪತ್ರಿಕೆಗಳು ಅಚ್ಚಾಗುತ್ತಿದ್ದವು. ವೈನಿ ಈಗ ಮೊದಲಿಗಿಂತ ಹೆಚ್ಚು ಹೊತ್ತು ಬಂದು ಕೂರುತ್ತಿದ್ದಳು. ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ, ಆದರೂ ಕೂರುತ್ತಿದ್ದಳು. ಮೈಸೂರಿನಿಂದ ಸುದ್ದಿಯಿರಲಿಲ್ಲ. ಬರಲೂಬಾರದು ಎಂದು ದಾಕ್ಷಾಯಣಿ ತನಗೆ ತಾನೇ ಹೇಳಿಕೊಂಡಳು. ತನ್ನ ಒಳಗನ್ನೆಲ್ಲ ಕದ್ದು ಕೇಳಿದವಳ ಜೊತೆ ಯಾರು ತಾನೇ ಮಾತಾಡುತ್ತಾರೆ?

ಒಂದು ಸಂಜೆ ಶಕುಂತಲಾಳ ಫೋನಿಗೆ ಕರೆ ಬಂತು. ಸಿದ್ದರಾಜು. "ಅಮ್ಮ, ಸಾರ್ ಮಾತಾಡ್ಬೇಕಂತೆ. ಸ್ವಲ್ಪ ತಡೆದು ತಡೆದು ಮಾತಾಡ್ತಾರೆ. ಅರ್ಥ ಮಾಡ್ಕೊಳ್ಳಿ."

ಶಕುಂತಲಾ ಫೋನನ್ನು ದಿಂಬಿಗೆ ಒರಗಿಸಿಟ್ಟು ಹೊರಗೆ ಹೋದಳು. ಆ ಕಡೆ ಉಸಿರು ಕೇಳುತ್ತಿತ್ತು. ಎರಡು ವರ್ಷ ಅವನ ಪಕ್ಕ ನಡೆದವಳಿಗೆ ಈಗ 'ನಮಸ್ಕಾರ' ಎನ್ನಲೂ ನಾಲಿಗೆ ಏಳಲಿಲ್ಲ.

"ಎಲ್ಲಾ..." ಎಂದ ಕೃಪಾಕರ. ಒಂದೊಂದು ಮಾತನ್ನೂ ಭಾರದ ಪೆಟ್ಟಿಗೆಯಂತೆ ಎತ್ತಿ ಇಡುತ್ತಿದ್ದ. "ಎಲ್ಲಾ... ಕೇಳಿಸ್ಕೊಂಡ್ರಾ?"

"ಹೌದ್ರಿ."

"ಹಾಲಿಂದೂ?"

"ಹಾಲಿಂದೂ ಕೇಳೀನ್ರಿ."

ಕರೆ ಕಡಿದುಹೋಯಿತೇನೋ ಎಂದುಕೊಂಡಳು.

"ಹೇಳ... ಬಹುದಿತ್ತು. ನೀವು."

"ಹೇಳಾಕ ಬಿಡ್ತಿರಲಿಲ್ರಿ ಅವರು." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. "ಬಿಟ್ಟಿದ್ರೂ ಹೇಳ್ತಿರಲಿಲ್ರಿ. ಹೇಳಿದ್ರ ನೀವು ಮಾತಾಡೂದು ನಿಲ್ಲಿಸ್ತಿದ್ರಿ. ನನ್ನ ಬ್ಯಾರೆ ಯಾರೂ ಮಾತಾಡಸ್ತಿರಲಿಲ್ಲ."

ಮತ್ತೆ ಉಸಿರು. ಹಿಂದೆ ಎಲ್ಲೋ ಬಸ್ಸಿನ ಹಾರ್ನು.

"ನಾಚಿಕೆ," ಎಂದ. "ತುಂಬಾ ನಾಚಿಕೆ ಆಯ್ತು. ಅದಕ್ಕೇ... ತಡ." ಆಮೇಲೆ, "ಡಾಕ್ಟ್ರು... ದಿನಾ ಮಾತಾಡಿ ಅಂತಾರೆ. ಅಭ್ಯಾಸ. ಗೋಡೆಗೆ... ಆಗಲ್ಲ."

"ನಾ ಕೇಳ್ತೀನ್ರಿ," ಎಂದಳು ದಾಕ್ಷಾಯಣಿ. "ಆದ್ರ ಈ ಸಲ ನಾನೂ ಮಾತಾಡ್ತೀನಿ. ಬರೇ ಕೇಳಾಕ ಆಗೂದಿಲ್ಲ ನನಗ."

"ಹಾಂ," ಎಂದ ಅವನು. "ಮಾತಾಡಿ."

ಇಷ್ಟು ದಿನ ಹೇಳಬೇಕೆಂದುಕೊಂಡದ್ದೆಲ್ಲ ಎಲ್ಲಿಗೆ ಹೋಯಿತೋ. ತುಮಕೂರಿನ ಫೋನು, ಜೀಪು, ಹಲ್ಲಿ, ರಾಯಚೂರಿನ ಹುಡುಗ, ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ಹೊಸದಾಗಿ ಶಾಲೆಗೆ ಸೇರಿದ ಮಗುವಿನಂತೆ ಹೇಳಿದಳು, "ನನ್ನ ಹೆಸರು ದಾಕ್ಷಾಯಣಿ ರೀ."

"ದಾ..." ಎಂದ ಕೃಪಾಕರ. "ದಾಕ್... ದಾಚ್..." ನಾಲಿಗೆ ತಿರುಗಲಿಲ್ಲ. ಸಿಟ್ಟಿಗೆದ್ದು ಉಸಿರು ಬಿಟ್ಟ. ಮತ್ತೆ ಮೊದಲಿನಿಂದ ಹಿಡಿದ.

ದಾಕ್ಷಿ ಅಂದರೆ ಸಾಕು, ಮನೆಯವರೆಲ್ಲ ಹಾಗೇ ಕರೆಯುತ್ತಾರೆ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಕಾದಳು. ಕೆಳಗೆ ಪ್ರೆಸ್ಸು ನಿಂತಿತು, ಅಣ್ಣ ಬಾಗಿಲು ಹಾಕುವ ಸದ್ದು ಕೇಳಿತು. ವೈನಿ ದೀಪ ಹಾಕಲು ಬಂದವಳು ಹೊಸ್ತಿಲಲ್ಲೇ ನಿಂತಳು.

"ದಾಕ್... ಷಾ... ಯ..." ಎಂದ ಅವನು. ಒಂದು ಉಸಿರು ತೆಗೆದುಕೊಂಡ. "ದಾಕ್ಷಾಯಣಿ."

"ಹೂಂ ರೀ," ಎಂದಳು ಅವಳು. "ಅದ ನಾನು."